ಗೋಡೆಯ ಆಚೆ

"ಒಳಗೆ ಬೇಡ." ಮುದುಕಿ ಚರ್ಚಿನ ಸ್ಮಶಾನದ ಗೇಟಿಗೆ ಅಡ್ಡ ನಿಂತಳು. "ಜ್ಞಾನಸ್ನಾನ ಆಗದ ಕೂಸು. ಗೋಡೆಯ ಆಚೆ ಹೂಳಬೇಕು. ಹಿಂದಿನಿಂದ ಬಂದದ್ದು ಹಾಗೇ."

ಅವಳ ಮಗ ಬಡಗಿ. ತಾನೇ ಹಲಗೆ ಕೀಸಿ ಮಾಡಿದ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಚೊಚ್ಚಲ ಕೂಸು, ಹುಟ್ಟುವಾಗಲೇ ಉಸಿರಿರಲಿಲ್ಲ.

ಸೊಸೆಗೆ ನಿಲ್ಲಲೂ ತ್ರಾಣವಿರಲಿಲ್ಲ. "ನಿಮ್ದು ಕಲ್ಲೆದೆ ಅತ್ತೆ. ಬೆಳಿಗ್ಗೆ ಅದನ್ನ ಒರೆಸಿ, ಮುದ್ದಿಟ್ಟು, ಬಟ್ಟೆ ಸುತ್ತಿದ್ದು ನೀವೇ ಅಲ್ವಾ? ಈಗ ನಾಯಿ ಓಡಾಡೋ ಜಾಗಕ್ಕೆ ಎಸೀತೀರಾ?"

"ನಾಯಿ ಬರಲ್ಲ ಅಲ್ಲಿ. ನಾನು ನೋಡ್ಕೋತೀನಿ."

ಹೊಸ ಪಾದ್ರಿ ಮೆಲ್ಲಗೆ ಹತ್ತಿರ ಬಂದರು. "ಅಮ್ಮಾ, ಸಂಪ್ರದಾಯ ಅಂದ್ರೆ ನೆಟ್ಟ ಕಲ್ಲಲ್ಲ, ಬೆಳೆಯೋ ಮರ."

"ಮರದ ಮಾತು ನನ್ ಮಗನ ಹತ್ರ ಆಡಿ ಸ್ವಾಮಿ. ಬಡಗಿ ಅವನು."

ಪಾದ್ರಿ ಮರವನ್ನು ಕೈಬಿಟ್ಟರು. "ಗೋಡೆಯಾಚೆ ಹೂಳೋದು ರೂಢಿ, ವಿಶ್ವಾಸ ಅಲ್ಲ. ಧರ್ಮಸಭೆ ಈಗ ಇಂಥ ಕೂಸುಗಳನ್ನ ದೇವರ ಕರುಣೆಗೆ ಒಪ್ಪಿಸುತ್ತೆ."

"ಆಗಿನ ಪಾದ್ರಿ ಹೇಳಿದ್ದು ಸುಳ್ಳಾ ಹಾಗಾದ್ರೆ?"

"ಸುಳ್ಳು ಅಂತಲ್ಲ. ವಿಶ್ವಾಸ ಅದೇ. ನಮಗೆ ಅರ್ಥ ಆಗ್ತಾ ಬರುತ್ತೆ, ನಿಧಾನಕ್ಕೆ."

"ನಿಮಗೆ ಅರ್ಥ ಆಗೋಕೆ ಮೊದಲೇ ಸತ್ತವರು?"

"ಅವರೂ ದೇವರ ಕೈಯಲ್ಲೇ ಇದ್ದಾರೆ."

"ದೇವರ ಕೈ ಗೋಡೆಯಾಚೆಗೂ ಚಾಚುತ್ತೆ ಅಂದ್ಮೇಲೆ ಇದನ್ನೂ ಅಲ್ಲೇ ಇಡಿ."

ಗುಂಡಿ ತೋಡುವವನು ಗುದ್ದಲಿ ಊರಿ ಗೊಣಗಿದ: "ಹಲ್ಲು ಹೋದ್ರೂ ನಾಲಿಗೆಯ ಹರಿತ ಹೋಗಿಲ್ಲ."

ಮಗ ಅವಳನ್ನು ಬದಿಗೆ ಸರಿಸಿದ. ಅವಳಿಗೆ ಅವನೊಬ್ಬನೇ, ಎಂದೂ ಎದುರಾಡಿದವನಲ್ಲ. "ಸಾಕಮ್ಮ. ನನ್ನ ಮಗೂಗಿಂತ ನಿನಗೆ ಶಾಸ್ತ್ರ ದೊಡ್ಡದಾಯ್ತು. ಇನ್ಮೇಲೆ ನನ್ನ ಮನೆ ಹೊಸಿಲು ತುಳೀಬೇಡ."

ಪೆಟ್ಟಿಗೆ ಗೋಡೆಯೊಳಗಿನ ಮಣ್ಣಿಗಿಳಿಯಿತು. ಪಾದ್ರಿ ಮಂತ್ರಿಸಿದ ನೀರು ಚಿಮುಕಿಸಿ ಪ್ರಾರ್ಥಿಸಿದರು. ಸೊಸೆ ಒಂದು ಹಿಡಿ ಮಣ್ಣು ಹಾಕಿ ಕುಸಿದಳು. ಮುದುಕಿ ಮಾತ್ರ ಅಲ್ಲಿರಲಿಲ್ಲ.

ಎಲ್ಲ ಮುಗಿಸಿ ಹೊರಬಂದ ಮಗನ ಕಣ್ಣಿಗೆ ಅವಳು ಬಿದ್ದದ್ದು ಗೋಡೆಯ ಆಚೆ. ಬರೀ ಹುಲ್ಲುನೆಲ, ಶಿಲುಬೆಯಿಲ್ಲ, ಗುರುತಿಲ್ಲ. ಒಂದು ಮೊಳದಷ್ಟು ಜಾಗದಲ್ಲಿ ಮಾತ್ರ ಹುಲ್ಲು ಬೆಳೆದಿರಲಿಲ್ಲ. ಅಲ್ಲಿ ಅಂಗೈ ಊರಿಕೊಂಡು ಕೂತಿದ್ದಳು.

"ಏಳು," ಎಂದ ಅವನು, ಸಿಟ್ಟು ಇಳಿಯದೆ. "ಇನ್ನೂ ಏನು ಹಠ?"

ಅವಳು ತಿರುಗಿ ನೋಡಲಿಲ್ಲ.

"ನಿಮ್ಮಣ್ಣಂಗೆ ಇವತ್ತಾದ್ರೂ ಒಂದು ಜೊತೆ ಸಿಗುತ್ತೆ ಅಂದ್ಕೊಂಡಿದ್ದೆ ಕಣೋ."