ಜೋಡಿ ಟೂರು

ಮೂರನೆಯ ಸಲ ಮುಳುಗಿ ಎದ್ದಾಗ ಮಹೇಶ್ವರಿಯ ಬಾಯಿ, ಮೂಗೆಲ್ಲ ನೀರು. ಕೆಮ್ಮುತ್ತಲೇ ಬೆನ್ನಿಗೆ ಕಟ್ಟಿದ್ದ ಒಣ ಸೋರೆ ಬುರುಡೆಯನ್ನು ಬಿಚ್ಚಿ ಬಾವಿಯ ಮೆಟ್ಟಿಲ ಮೇಲೆ ಎಸೆದಳು.

“ಬಿಚ್ಚಬ್ಯಾಡ್ರಿ ಅಕ್ಕಾರ. ಇನ್ನೂ ನಾಕು ದಿನ ಇರಲಿ,” ಎಂದಳು ದುರಗಮ್ಮ. ಇವರ ಗದ್ದೆ ಕೆಲಸಕ್ಕೆ ಬರುವ ಈ ಮುದುಕಿ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು.

“ಬುರುಡಿ ನಂಬಿಕೊಂಡ್ರ ಆಗೂದಿಲ್ಲ ದುರಗಮ್ಮ. ನನಗ ‘ಎ’ ಬೇಕು.”

ಈ ‘ಎ’ ಏನೆಂದು ಹೇಳಬೇಕು. ಅವಳ ಗಂಡ ಗುರುಬಸವನದು ಗಂಗಾವತಿಯಲ್ಲಿ ಬೀಜ, ಔಷಧಿಯ ಅಂಗಡಿ. ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಕಂಪನಿ ವರ್ಷಕ್ಕೊಮ್ಮೆ ಗಂಡ ಹೆಂಡತಿಯ ಜೋಡಿ ಟೂರು ಕೊಡುತ್ತದೆ. ಈ ಸಲ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ಇಪ್ಪತ್ತೇ ಜನ ಹಿಡಿಸುವ ಸಣ್ಣ ಹಡಗು. ಡಾಲ್ಫಿನ್, ಕಡಲಾಮೆ, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ನೀರಿಗಿಳಿದು ನೋಡುವ ಹವಳ. ಹೊರಡುವ ಮೊದಲು ಕೊಪ್ಪಳದ ಈಜುಕೊಳದಲ್ಲಿ ಒಂದೊಂದು ಜೋಡಿಗೂ ಬೇರೆ ಬೇರೆ ದಿನ ಪರೀಕ್ಷೆ. ‘ಬಿ’ ಬಂದವರು ಲೈಫ್ ಜಾಕೆಟ್ ಹಾಕಿಕೊಂಡು ದಂಡೆಯ ಹತ್ತಿರವೇ ತೇಲಬೇಕು. ‘ಎ’ ಬಂದವರನ್ನು ಬೇರೆ ದೋಣಿಯಲ್ಲಿ ಆಳಕ್ಕೆ ಕರೆದೊಯ್ದು ಜಾಕೆಟ್ಟಿಲ್ಲದೆ ಇಳಿಸುತ್ತಾರೆ.

ಮದುವೆಯಾದ ಒಂಬತ್ತು ವರ್ಷಗಳಲ್ಲಿ ಗುರುಬಸವ ಹೆಂಡತಿಯನ್ನು ಆನೆಗೊಂದಿಯ ಆಚೆ ಕರೆದೊಯ್ದವನಲ್ಲ. ಈಗಲೂ ಕಂಪನಿಯ ಕಾಗದದಲ್ಲಿ ‘ಪತ್ನಿಯೊಂದಿಗೆ’ ಎಂದು ಇದ್ದದ್ದಕ್ಕೇ ಅವಳ ಹೆಸರು ಕೊಟ್ಟಿದ್ದ. ಈ ಪ್ರವಾಸ ನೆಟ್ಟಗೆ ನಡೆಯದಿದ್ದರೆ ತನ್ನ ಸಂಸಾರ ಉಳಿಯುವುದಿಲ್ಲ ಎಂದು ಮಹೇಶ್ವರಿಗೆ ಖಾತ್ರಿಯಾಗಿತ್ತು. ಅದಕ್ಕೇ ಈ ಹಟ.

ಕಲಿಯಲು ಶುರು ಮಾಡಿದ ಮೊದಲ ವಾರದಲ್ಲಿ ಒಂದು ದಿನ ದುರಗಮ್ಮ ಬಂದಿರಲಿಲ್ಲ. ಮಹೇಶ್ವರಿ ಬೇಗ ಮನೆಗೆ ಮರಳಿದಳು. ತಂಗಿ ಕವಿತಾ ಬಾಗಿಲು ತೆಗೆದಳು. ಬಿ.ಎಡ್. ಓದಲೆಂದು ಎರಡು ವರ್ಷದಿಂದ ಅಕ್ಕನ ಮನೆಯಲ್ಲೇ ಇದ್ದವಳು. ಅವಳ ತಲೆ ಒದ್ದೆ. ಆ ಹೊತ್ತಿಗೆ ಅಂಗಡಿಯಲ್ಲಿರಬೇಕಿದ್ದ ಗುರುಬಸವ ಒಳಗೆ ಕನ್ನಡಿಯ ಮುಂದೆ ನಿಂತು ತಲೆ ಒರೆಸಿಕೊಳ್ಳುತ್ತಿದ್ದ. ಮಹೇಶ್ವರಿ ಏನೂ ಕೇಳದೆ ಇಬ್ಬರಿಗೂ ಚಹಾ ಮಾಡಿಕೊಟ್ಟಳು. ಇಂಥ ಹೆಂಗಸರನ್ನು ಕಂಡರೆ ಮೈ ಉರಿಯುತ್ತದೆ. ಎದುರಿಗೆ ಇದ್ದದ್ದನ್ನು ಕಂಡೂ ಬಾಯಿ ಬಿಡುವುದಿಲ್ಲ.

ಪರೀಕ್ಷೆಯಲ್ಲಿ ಅವಳಿಗೆ ‘ಎ’ ಬಂತು. ಗುರುಬಸವನಿಗೆ ‘ಬಿ’.

“ಪಟ್ಟಿ ನೋಡಿ ಡೀಲರ್ ಮಂದಿ ನಗ್ತಾರ, ನನ್ನ ಮಾನ ತಗದಿ,” ಎಂದು ಅವನು ಎರಡು ದಿನ ಮುಖ ಗಂಟಿಕ್ಕಿಕೊಂಡು ತಿರುಗಿದ. ಮೂರನೆಯ ದಿನ ಮಹೇಶ್ವರಿ ಫೋನಿನಲ್ಲಿ ತರಿಸಿದ್ದ ಈಜುಡುಪು ಬಂತು. ಅವಳಿಗೆ ಬಿಗಿಯಾಯಿತು. ಸುಮ್ಮನೆ ನೋಡೋಣವೆಂದು ಕವಿತಾ ಅದನ್ನು ಹಾಕಿಕೊಂಡು ಹೊರಬಂದಳು.

“ಕವಿತಾಗ ಭಾಳ ಛಲೋ ಒಪ್ಪತೈತಿ,” ಎಂದುಬಿಟ್ಟ ಗುರುಬಸವ, ಆಮೇಲೆ ನಾಲಿಗೆ ಕಚ್ಚಿಕೊಂಡ.

“ಹೌದ್ರಿ. ಆಕಿ ಅಳತಿಗೇ ಹೊಲದಂಗೈತಿ,” ಎಂದಳು ಮಹೇಶ್ವರಿ.

ಹೊರಡಲು ಮೂರು ದಿನ ಇದ್ದಾಗ ಅವಳು ಬಚ್ಚಲಲ್ಲಿ ಜಾರಿದಳು. ಗೋಡೆ ಹಿಡಿದು, ಕುಂಟುತ್ತ ಹೊರಬಂದು ಮಂಚದ ಮೇಲೆ ಕೂತಳು. ಕಾಲು ಉಳುಕಿದೆ, ನೆಲಕ್ಕೆ ಊರಲಿಕ್ಕೂ ಆಗುತ್ತಿಲ್ಲ ಎಂದಳು. ಗುರುಬಸವನ ಮಾತಿನಲ್ಲಿ ಕಾಳಜಿ ಇತ್ತು, ಕಣ್ಣು ಮಾತ್ರ ಕವಿತಾಳ ಕಡೆ ಇತ್ತು.

“ಜೋಡಿ ಇಲ್ಲಂದ್ರ ಟೂರು ಕ್ಯಾನ್ಸಲ್ ಮಾಡ್ತಾರ,” ಎಂದ.

“ನನ್ನ ಹೆಸರಿನ ಮ್ಯಾಲ ಕವಿತಾನ್ನ ಕರಕೊಂಡು ಹೋಗ್ರಿ. ಆಧಾರ್ ಕಾರ್ಡಿನಾಗಿನ ಮಾರಿ ನಂದಂತ ನನಗ ಗುರುತು ಸಿಗಂಗಿಲ್ಲ, ಅವರಿಗೇನ್ ಸಿಗತೈತಿ?”

ಇಬ್ಬರೂ ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ಸಲ ಬೇಡವೆಂದರು. ಆಮೇಲೆ ಒಪ್ಪಿದರು. ನಾಚಿಕೆಗೆಟ್ಟವರು.

ಹೊರಡುವ ಹಿಂದಿನ ದಿನ ಕವಿತಾ ಅಕ್ಕನ ಪಕ್ಕ ಬಂದು ಕೂತಳು. “ಅಕ್ಕಾ, ನನಗ ಈಸು ಬರೂದಿಲ್ಲಲ್ಲ.”

ಮಹೇಶ್ವರಿ ನಕ್ಕಳು. ಒಂದು ಪಾತ್ರೆ ನೀರಿಗೆ ಆಲೂಗಡ್ಡೆ ಹಾಕಿದಳು. ಮುಳುಗಿತು. ಎರಡು ಹಿಡಿ ಉಪ್ಪು ಸುರಿದು ಕಲಕಿದಳು. ಆಲೂಗಡ್ಡೆ ಮೇಲೆ ಬಂತು.

“ನೋಡು ಹುಚ್ಚಿ. ಸಮುದ್ರಾನೂ ಉಪ್ಪುನೀರ. ತಾನ ಎತ್ತಿ ಹಿಡಿತೈತಿ. ಆದ್ರ ಈಸು ಬರೂದಿಲ್ಲಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ನೀ ಮಹೇಶ್ವರಿ ಅಲ್ಲಂತ ಗೊತ್ತಾಗತೈತಿ. ನಿಮ್ಮ ಮಾಮಾನ ಡೀಲರ್‌ಶಿಪ್ ಹೋಗತೈತಿ.”

ಕವಿತಾ ಹುಟ್ಟಿದ್ದು ಯಲಬುರ್ಗಾದ ಕಡೆ. ಸಮುದ್ರವನ್ನು ಫೋನಿನಲ್ಲಿ ಬಿಟ್ಟರೆ ಕಂಡವಳಲ್ಲ. ಪಾತ್ರೆಯನ್ನೇ ನೋಡುತ್ತ ಸಮಾಧಾನದಿಂದ ತಲೆಯಾಡಿಸಿದಳು.

ಮರುದಿನ ಮಹೇಶ್ವರಿ ತಂಗಿಗೆ ಉಡಿ ತುಂಬಿ, ಬಾಗಿಲವರೆಗೆ ಕುಂಟುತ್ತ ಬಂದು ಇಬ್ಬರನ್ನೂ ರೈಲಿಗೆ ಕಳಿಸಿಕೊಟ್ಟಳು. ಸುದ್ದಿ ತಿಳಿದ ದುರಗಮ್ಮನಿಗೆ ಸಂಕಟವಾಯಿತು.

“ಅಷ್ಟು ಕಷ್ಟಪಟ್ಟು ಕಲತ್ರಿ. ನಿಮ್ಮ ಹಣೆಬರಾನ ಇಷ್ಟ ನೋಡ್ರಿ,” ಎಂದು ಕಣ್ಣೊರೆಸಿಕೊಂಡಳು.

ಐದನೆಯ ದಿನ ಮಧ್ಯಾಹ್ನ ಫೋನು ಬಡಿಯಿತು. ಅಡುಗೆಮನೆಯಲ್ಲಿದ್ದ ಮಹೇಶ್ವರಿ ದಡದಡ ನಡೆದು ಬಂದು ಎತ್ತಿಕೊಂಡಳು. ಹಡಗಿನ ಕಚೇರಿಯವರು.

“ಕವಿತಾ ಅವರೇ? ತುರ್ತು ಸಂಪರ್ಕಕ್ಕೆ ಅರ್ಜಿಯಲ್ಲಿ ನಿಮ್ಮ ಹೆಸರು, ಈ ನಂಬರ್ ಇದೆ. ಧೈರ್ಯ ತಂದುಕೊಳ್ಳಿ. ನಿಮ್ಮ ಅಕ್ಕ ಮಹೇಶ್ವರಿ ಇವತ್ತು ಬೆಳಿಗ್ಗೆ ಆಳದ ನೀರಿನಲ್ಲಿ ತೀರಿಕೊಂಡರು.”

“ಹೌದ್ರಿ, ನಾನ ಕವಿತಾ,” ಎಂದು ಮಹೇಶ್ವರಿ ಗಟ್ಟಿಯಾಗಿ ಅಳತೊಡಗಿದಳು.

ತಂಗಿಯ ಹೆಸರಿನ ಮುಂದೆ ತನ್ನ ನಂಬರು ಹಾಕಿ ಆ ಅರ್ಜಿಯನ್ನು ಅವಳೇ ತುಂಬಿ ಕಳಿಸಿದ್ದಳು, ಕಾಲು ಉಳುಕುವುದಕ್ಕೆ ಒಂದು ತಿಂಗಳು ಮೊದಲು.