ಕಾಲಿಗೆ ಕಾವಲು

ಮಳೆ ಹಿಡಿದರೂ ಗಂಡ ಕಾರಿನ ಕ್ರೂಸ್ ಕಂಟ್ರೋಲ್ ತೆಗೆಯಲಿಲ್ಲ. ಬೆಳಗ್ಗೆಯಿಂದ ಹೆಂಡತಿಯ ತಲೆಯಲ್ಲಿ ಸುತ್ತುತ್ತಿದ್ದ ಅನುಮಾನ ಗಟ್ಟಿಯಾಗಿದ್ದು ಆಗಲೇ.

ಕ್ರೂಸ್ ಗುಂಡಿ ಒತ್ತಿದರೆ ಕಾರು ಒಂದೇ ವೇಗದಲ್ಲಿ ತಾನಾಗಿ ಓಡುತ್ತದೆ, ಆಕ್ಸಿಲರೇಟರ್ ತುಳಿಯುವ ಕೆಲಸವೇ ಇಲ್ಲ ಎಂದು ಅವಳಿಗೆ ಹೇಳಿಕೊಟ್ಟವನು ಅವನೇ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಕಲಿಯಲು ಬಂದವರು ಬೆನ್ನ ಹಿಂದೆ ‘ಬ್ರೇಕ್ ಮೇಷ್ಟ್ರು’ ಅನ್ನುತ್ತಿದ್ದರು. ಕ್ರೂಸ್ ಮಳೆಯಲ್ಲಿ ಬೇಡ, ತಿರುವಿನಲ್ಲಿ ಬೇಡ, ಗಾಡಿಗಳು ಹೆಚ್ಚಿದ್ದಲ್ಲಿ ಬೇಡವೇ ಬೇಡ ಎಂದು ಮನೆಯಲ್ಲಿ ಊಟಕ್ಕೆ ಕೂತರೂ ಪಾಠ. “ಕ್ರೂಸ್ ಅಂದ್ರೆ ಕಾಲಿಗೆ ರಜೆ ಅಲ್ಲ, ಕಾವಲು. ಬ್ರೇಕ್ ಹತ್ರಾನೇ ಕಾಯ್ತಿರಬೇಕು” ಅನ್ನುವವರೆಗೆ ತಟ್ಟೆಯಿಂದ ಏಳುತ್ತಿರಲಿಲ್ಲ.

“ಮಳೆ ಬರ್ತಿದೆ. ಅದನ್ನ ತೆಗೀರಿ.”

“ನಾಲ್ಕು ಹನಿ ಅಷ್ಟೇ.”

“ಬೇರೆಯವರಿಗಾದ್ರೆ ದೊಡ್ಡ ಪಾಠ. ಹೇಳೋದು ಶಾಸ್ತ್ರ, ಹಾಕೋದು ಗಾಳ.”

ಅವನು ವೈಪರ್ ಜೋರು ಮಾಡಿದ. ಅವಳಿಗೆ ಬಟ್ಟೆ ಕಾರ್ಖಾನೆಯಲ್ಲಿ ತಪ್ಪು ಹೊಲಿಗೆ ಹುಡುಕುವ ಕೆಲಸ. ಹೊಲಿದ ಪ್ರತಿ ಅಂಗಿಯನ್ನೂ ಒಳಮಗ್ಗುಲು ತಿರುಗಿಸಿ ನೋಡಬೇಕು. ಅನುಮಾನಪಡುವುದಕ್ಕೇ ಸಂಬಳ ಎಂದು ಗಂಡ ರೇಗಿಸುತ್ತಿದ್ದ. ಇವತ್ತಂತೂ ಎಲ್ಲಿ ನೋಡಿದರೂ ಹೊಲಿಗೆ ಬಿಟ್ಟಿತ್ತು. ಮಗಳ ಮನೆಗೆ ಹೋಗಲು ಸ್ವಂತ ಕಾರಿರುವಾಗ ಸ್ಕೂಲಿನ ಕಾರು ಯಾಕೆ? ಬೆನ್ನುನೋವಿನವಳು ಯಾವಾಗಲೂ ಹಿಂದೆ ಕಾಲು ಚಾಚಿ ಮಲಗುತ್ತಾಳೆಂದು ಗೊತ್ತಿದ್ದೂ, “ಮುಂದೆ ಬಾ, ಮಾತಾಡ್ತಾ ಹೋಗೋಣ” ಅಂದಿದ್ದ. ಮದುವೆಯಾದಾಗಿನಿಂದ ಮಾತಿಗೆ ಬರಗಾಲ ಇದ್ದ ಮನುಷ್ಯ! ಶೂ ಇಲ್ಲದೆ ಸ್ಟೀರಿಂಗ್ ಮುಟ್ಟದವನು ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ. ಊರು ದಾಟುವ ತನಕ ಕಾರು ಹೊಸದಾಗಿ ಕಲಿಯುವವರ ಕೈಗೆ ಸಿಕ್ಕ ಹಾಗೆ ಮುಗ್ಗರಿಸಿತ್ತು. ಹೆದ್ದಾರಿ ಸೇರಿ ಕ್ರೂಸ್ ಹಾಕಿದ ಮೇಲಷ್ಟೇ ಅವನ ಹಣೆಯ ಬೆವರು ಆರಿದ್ದು. ಅದನ್ನೂ ಅವಳು ನೋಡಿಯೇ ಇದ್ದಳು.

“ನಿಜ ಹೇಳಿ, ಇವತ್ತು ಈ ಕಾರು ಯಾಕೆ ತಂದ್ರಿ?”

“ನನ್ನ ಕಾಲಿಗೇನಾಗಿದೆ? ಚೆನ್ನಾಗೇ ಇದೆ.”

“ಕಾಲಿನ ಸುದ್ದಿ ನಾನೆಲ್ಲಿ ಎತ್ತಿದೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಬಗ್ಗಿ ಅವನ ಪಾದ ನೋಡಿದಳು. ಬ್ರೇಕಿನ ಹತ್ತಿರ ಕಾವಲಿರಬೇಕಾದ ಬಲಗಾಲು ಬರಿಗಾಲಾಗಿತ್ತು. ಚಪ್ಪಲಿ ಕಳಚಿ ಪಕ್ಕಕ್ಕೆ ಮಗುಚಿ ಬಿದ್ದಿತ್ತು.

“ರೀ, ನಿಮ್ಮ ಬಲಗಾಲಿನ ಚಪ್ಪಲಿ ಎಲ್ಲಿ?”

“ಎಲ್ಲಿರುತ್ತೆ? ಕಾಲಲ್ಲಿದೆ.”

ಅವಳು ಮಗುಚಿ ಬಿದ್ದ ಚಪ್ಪಲಿಯನ್ನು ಮತ್ತೆ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಲಾರಿಯ ಕೆಂಪು ದೀಪ ಹೊತ್ತಿತು. ಅವನ ಕಾಲು ಎದ್ದಿತು, ಬ್ರೇಕಿನ ಅಂಚು ಸವರಿ ಖಾಲಿ ಜಾಗಕ್ಕೆ ಇಳಿಯಿತು. ತುಳಿದೆ ಎಂದುಕೊಂಡು ಅವನು ಒತ್ತುತ್ತಲೇ ಇದ್ದ. ಕಾರು ಹಿಡಿದ ವೇಗ ಬಿಡಲಿಲ್ಲ.

ಸ್ಕೂಲಿನ ಕಾರಿನಲ್ಲಿ ಕಲಿಸುವವರು ಕೂರುವ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. “ಅಲ್ಲಿ ಸುಮ್ನೆ ಕಾಲಿಡಬೇಡ, ಏನಾದ್ರೂ ಆದ್ರೆ ಮಾತ್ರ ತುಳಿ” ಎಂದು ಬೆಳಗ್ಗೆ ಹೇಳಿದ್ದ. ಏನಾದರೂ ಅಂದರೆ ಏನು ಎಂದು ಅವಳು ಕೇಳಿದ್ದಳು. ಅವನು ಕಾರು ಶುರು ಮಾಡಿದ್ದ. ಈಗ ಅವಳು ಎರಡೂ ಕಾಲಿನಿಂದ ಅದನ್ನೇ ತುಳಿದಳು. ಕ್ರೂಸ್ ಬಿಟ್ಟುಕೊಂಡಿತು. ಕಾರು ಜಾರಿ, ಕಿರುಗುಟ್ಟಿ, ಲಾರಿಯ ಹಿಂಬದಿಗೆ ಮೊಳದಷ್ಟು ಜಾಗ ಉಳಿಸಿ ನಿಂತಿತು. ಲಾರಿಯವನು ಏನೂ ತಿಳಿಯದೆ ಮುಂದೆ ಹೋದ. ಗಂಡ ಕಾರನ್ನು ರಸ್ತೆಯ ಪಕ್ಕಕ್ಕೆ ತೆವಳಿಸಿದ. ಬ್ರೇಕ್ ಹಾಕಿ ನಿಲ್ಲಿಸಿದವಳು ಆಗಲೂ ಅವಳೇ.

“ಕಾಲು ಹೀಗಾಗಿ ಎಷ್ಟು ದಿನ ಆಯ್ತು?”

“ಸಕ್ಕರೆ ಕಾಯಿಲೆ ಅಲ್ವಾ... ಜೋಮು ಹಿಡಿದಿದೆ, ಬಿಡುತ್ತೆ ಅಂದ್ಕೊಂಡೆ. ಬಿಡಲೇ ಇಲ್ಲ. ಗೊತ್ತಾದ್ರೆ ಸ್ಕೂಲಲ್ಲಿ ಇಟ್ಕೋತಾರಾ? ಗಾಡಿ ಬಿಟ್ರೆ ನನಗಿನ್ನೇನು ಬರುತ್ತೆ?”

“ಅದಕ್ಕೇ ನನ್ನನ್ನ ಮುಂದೆ ಕೂರಿಸ್ಕೊಂಡ್ರಾ?”

“ನಿನ್ನ ಕಣ್ಣು ತಪ್ಪಿಸಿ ಏನೂ ಹೋಗಲ್ಲ. ಕಾವಲಿಗೆ ಅಂಥೋರೇ ಬೇಕು” ಅಂದ ಅವನು, ನಗಲು ನೋಡುತ್ತಾ.

ಅವಳಿಗೆ ನಗು ಬರಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು. “ರಸ್ತೆ ಮೇಲೆ ಓಡಾಡೋರ ಮನೇಲೂ ಹೆಂಡ್ತಿ ಇರ್ತಾಳೆ ಕಣ್ರೀ. ಅವಳ ಕಾಲ ಹತ್ರ ಬ್ರೇಕ್ ಇರಲ್ಲ.”

ಕೀಲಿ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಅಳಿಯನಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಅಂದಳು. ಮಳೆ ಗಾಜಿನ ಮೇಲೆ ಸುರಿಯುತ್ತಿತ್ತು.

“ಇಳಿದು ಈ ಕಡೆ ಬನ್ನಿ. ಮೊದಲು ಚಪ್ಪಲಿ ಮೆಟ್ಕೊಳ್ಳಿ.”

ಅವನು ಬಗ್ಗಲಿಲ್ಲ. ಮುಖ ಗಾಜಿನ ಕಡೆಗೇ ಇಟ್ಟುಕೊಂಡು, ಕಾಲನ್ನು ಅತ್ತಿತ್ತ ಆಡಿಸಿದ, ಎಲ್ಲೋ ಒಂದು ಕಡೆ ಒತ್ತಿದ. ಆಮೇಲೆ ಮೆಲ್ಲಗೆ ಕೇಳಿದ:

“ನೋಡಿ ಹೇಳು, ಮೆಟ್ಕೊಂಡಿದೀನಾ?”