ಸಾರ್ಜೆಂಟ್ ಬಾದುವಿನ ಅಭಿಪ್ರಾಯ

ದರ್ಜಿ ಮುಮುನಿ ಮೂರನೆಯ ಸಲ ಗುಂಡಿ ಹಾಕಿ ಕೈ ತೆಗೆಯುತ್ತಿದ್ದಂತೆ, ನಿವೃತ್ತ ಸಾರ್ಜೆಂಟ್ ಬಾದುವಿನ ಹೆಣದ ಮೇಲಿನ ಹೊಸ ಹಸಿರು ಕೋಟು ಮತ್ತೆ ಬಿಚ್ಚಿಕೊಂಡಿತು. ಕುಮಾಸಿ ನಗರದ ಸೇನಾ ಬ್ಯಾರಕ್ಕಿನ ಆ ಕೋಣೆಯಲ್ಲಿ ಸುತ್ತ ನಿಂತವರು ಇನ್ನಷ್ಟು ಹತ್ತಿರ ಬಗ್ಗಿದರು.

"ಬಿಗಿಯಾಗಿದೆಯೇನೋ," ಎಂದ ಕ್ಯಾಪ್ಟನ್ ಲಾರ್ಬಿ. ಸೇನೆಯ ಹಳೆಯ ಕೆಂಪು ಕೋಟನ್ನು ಕೈಬಿಟ್ಟು ಈ ಹಸಿರನ್ನು ತಂದ ಸಮಿತಿಯಲ್ಲಿ ಅವನೂ ಇದ್ದ.

"ಎಲ್ಲಿ ಬಿಗಿ ಸಾರ್? ಎರಡು ಬೆರಳು ಸಡಿಲ ಇದೆ," ಎಂದ ಮುಮುನಿ, ಕೋಟಿನಡಿ ಬೆರಳು ತೂರಿಸಿ ತೋರಿಸುತ್ತ.

ಬಾದುವಿನ ಹೆಂಡತಿ ಡುಫಿಯೆ ಗಂಡನ ತಲೆ ಸವರಿದಳು. "ಕೋಟು ಬದಲಿಸೋ ಮುಂಚೆ ಸಭೆ ಕರೆದು ಎಲ್ರ ಅಭಿಪ್ರಾಯ ಕೇಳಿದ್ರಲ್ಲ ಮಗಾ, ನಮ್ಮೋರು ಎದ್ದು ನಿಂತ್ರೆ 'ಕೂತ್ಕೊಳ್ಳಿ ಅಜ್ಜಾ' ಅಂದ್ಯಂತೆ. ಈಗ ಹೇಳ್ತಿದಾರೆ, ಕೇಳು."

"ಸೇನೆಯವರ ಅಂತ್ಯಕ್ರಿಯೆಗೆ ಇನ್ನು ಹಸಿರು ಕೋಟೇ ಅಂತ ನಿಯಮ ಇದೆ ಅಮ್ಮಾ." ಕ್ಯಾಪ್ಟನ್ ತಾನೇ ಬಗ್ಗಿ ಕೊರಳ ಗುಂಡಿ ಹಾಕಿದ. ಅದು ಅವನ ಬೆರಳಡಿಯಲ್ಲೇ, ಯಾರೋ ಒಳಗಿನಿಂದ ತಳ್ಳಿದಂತೆ ನಿಧಾನವಾಗಿ ಜಾರಿ ಹೊರಬಂತು. ತಣ್ಣನೆಯ ಎದೆ ಅಲುಗಿರಲಿಲ್ಲ.

ಅವನು ಹಸಿರು ಕೋಟನ್ನು ತಾನೇ ಬಿಚ್ಚಿ ತೆಗೆದ. ಆಮೇಲೆ, "ಕೆಂಪು ಕೋಟು ತನ್ನಿ," ಎಂದ.

ಡುಫಿಯೆ ಅದನ್ನು ಇಸ್ತ್ರಿ ಮಾಡಿಸಿಯೇ ತಂದಿದ್ದಳು. ಮುಮುನಿ ತೊಡಿಸಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದ. ಒಂದೂ ಬಿಚ್ಚಲಿಲ್ಲ. ಕೊನೆಗೆ ಕೊರಳ ಗುಂಡಿಗೆ ಕೈ ಚಾಚಿದರೆ, ಅದನ್ನು ಯಾರೋ ಆಗಲೇ ಹಾಕಿದ್ದರು.